ಕಾಶವ್ವನ ಗ್ರಂಥಿ ಇನ್ನೂ ಎದ್ದಿಲ್ಲ

ಮೆಣಸಿನಕಾಯಿಯ ತೊಟ್ಟು ಮುರಿಯಲು ಕುಳಿತ ಹೆಂಗಸಿಗೆ ಎಲ್ಲ ಸ್ವಾತಂತ್ರ್ಯವೂ ಉಂಟು, ಕಣ್ಣೊರೆಸಿಕೊಳ್ಳುವ ಸ್ವಾತಂತ್ರ್ಯವೊಂದನ್ನು ಬಿಟ್ಟು. ಹೋದ ವಾರ ಅಂಗಳದಲ್ಲಿ ಹಾಗೆ ಕುಳಿತಿದ್ದಾಗಲೇ ಹುಬ್ಬಳ್ಳಿಯ ದವಾಖಾನೆಯಿಂದ ಮೈದುನನ ಫೋನು ಬಂತು. ಕೈಯೆಲ್ಲ ಖಾರ, ನೆಲದ ಮೇಲಿದ್ದ ಫೋನನ್ನು ಮೊಣಕೈಯಿಂದ ಒತ್ತಿ, ಕಿವಿಯನ್ನೇ ಅದರ ಬಳಿಗೆ ಬಗ್ಗಿಸಿದೆ.

"ವೈನಿ, ರಕ್ತದ ರಿಪೋರ್ಟ್ ಬಂತ್ರಿ. ಆ ಗ್ರಂಥಿ ಇನ್ನೂ ಎದ್ದಿಲ್ಲಂತ."

"ಕಾಶವ್ವಗ ಹೇಳಿದ್ಯಾ?"

"ಇಲ್ಲೇ ಬಾಜೂಕ ಕುಂತಾಳ್ರಿ. ಅಕ್ಕಗ ಬಿಸಲಾಗ ಭಾಳ ಹೊತ್ತು ಕುಂದರಬ್ಯಾಡ ಅಂತ ಹೇಳ್ರಿ ಅನ್ನಾಕತ್ತಾಳ."

ಕಾಶವ್ವ ಈ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಒಂದೇ ಒಲೆಯ ಎರಡು ಬದಿಗೆ ಕುಳಿತು ಹರೆಯ ಕಳೆದವರು ನಾವು.

ದೇಹದೊಳಗೆ ಇಂಥ ಗ್ರಂಥಿಗಳಿವೆ ಎಂಬುದೇ ನನಗೆ ಈ ವರ್ಷ ತಿಳಿದದ್ದು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟಂತೆ ಎರಡು ಇವೆಯಂತೆ. ಅವಕ್ಕೆ ಅಪ್ಪಣೆ ಕೊಡಲು ಮೆದುಳಿನ ಕೆಳಗೆ ಬಟಾಣಿಕಾಳಿನಷ್ಟು ಇನ್ನೊಂದು, ಥೇಟ್ ಪಡಸಾಲೆಯಲ್ಲಿ ಕುಳಿತ ಅತ್ತೆ. ಆಕೆ ಕೂಗಿದರೆ ಸೊಸೆಯಂದಿರು ರಕ್ತಕ್ಕೆ ಕಿಂಚಿತ್ ರಸ ಬಿಡುತ್ತಾರೆ. ಮನುಷ್ಯ ಬೆಳಗ್ಗೆ ಹಾಸಿಗೆ ಬಿಟ್ಟೇಳುವುದು, ಜ್ವರ ತಡೆಯುವುದು, ಪೆಟ್ಟು ತಾಳುವುದು ಎಲ್ಲ ಆ ಕಿಂಚಿತ್ತಿನ ಕೃಪೆ. ಇಷ್ಟು ಕಾಲ ಅದನ್ನೆಲ್ಲ ಚಹಾದ ಪುಣ್ಯವೆಂದು ತಿಳಿದಿದ್ದ ಮೂಢಳು ನಾನು.

ಕಾಶವ್ವನಿಗೆ ಮೊಣಕಾಲು ನೋವಿತ್ತು. ಗುಡಗೇರಿಯ ನಮ್ಮ ಓಣಿಗೆ ಬೇರೆ ಕಡೆಯಿಂದ ಬಂದು ಹೋಗುತ್ತಿದ್ದ ಒಬ್ಬಾತ, ಬೇರಿನ ಔಷಧವೆಂದು ಪುಡಿಯ ಪೊಟ್ಟಣ ಕೊಡುತ್ತಿದ್ದ. ನೋವು ಮಾಯವಾಯಿತು. ವರ್ಷ ತುಂಬುವಷ್ಟರಲ್ಲಿ ಬಡಕಲು ಕಾಶವ್ವನ ಮುಖ ದುಂಡಗಾಗಿ, ಗಲ್ಲ ಕೆಂಪೇರಿತು. ಪಕ್ಕದ ಮನೆಯ ಮಾಬೂಬಿ ಸುಮ್ಮನಿರುವವಳಲ್ಲ: "ಏನ್ ಕಾಶವ್ವಾ, ರಂಜಾನ್ ಚಂದ್ರನ ಕಾಣೂದಕ ನಾವು ಮಾಳಿಗಿ ಹತ್ತಬೇಕು; ನಿಮ್ಮವರಿಗೆ ಅಡಗಿಮನ್ಯಾಗ ಹುಣ್ಣಿವಿ ಚಂದ್ರ!" ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾನಂತೂ ದೃಷ್ಟಿ ತೆಗೆದೆ.

ಗುಣ ಕೊಟ್ಟ ದೇವರಿಗೆ ಋಣ ತೀರಿಸಬೇಡವೇ? ಶ್ರಾವಣ ಮುಗಿಯುವವರೆಗೆ ಪುಡಿ ಮುಟ್ಟುವುದಿಲ್ಲ, ಕಾಲನ್ನು ಶಿವನೇ ನೋಡಿಕೊಳ್ಳಲಿ ಎಂದು ಅವಳು ಹರಕೆ ಹೊತ್ತಳು. ಮನೆಮಂದಿಯೆಲ್ಲ ಭೇಷ್ ಎಂದೆವು. ಕೆಲವೇ ದಿನಗಳಲ್ಲಿ ವಾಂತಿ, ನಿಶ್ಶಕ್ತಿ. ಒಂದು ಸೋಮವಾರ ಪೂಜೆಗೆ ಕುಳಿತವಳು ವಿಭೂತಿ ಹಿಡಿದ ಕೈಯಲ್ಲೇ ವಾಲಿದಳು.

"ಇಂಥ ದುಂಡನ ಮಾರಿಗೆ ನಾವೂ ಚಂದ್ರನ ಹೆಸರೇ ಇಟ್ಟೇವ್ರಿ," ಅಂದರು ಹುಬ್ಬಳ್ಳಿಯ ಡಾಕ್ಟರು, ಮಾಬೂಬಿಯ ಚಂದ್ರನ ಮಾತನ್ನು ನನ್ನಿಂದ ಕೇಳಿ, ನಗದೆ. "ಆ ಪುಡಿಯೊಳಗ ಸ್ಟೀರಾಯ್ಡ್ ಇದ್ದಿರಬೇಕು. ಹೊರಗಿಂದ ರಸ ಬರಾಕತ್ತಿದ ಮ್ಯಾಲೆ ಒಳಗಿನ ಗ್ರಂಥಿ ಯಾಕ ದುಡೀತೈತ್ರಿ? ಮಲಗಿಬಿಟ್ಟೈತಿ. ನೀವು ಒಮ್ಮಿಗೇ ಪುಡಿ ಬಿಟ್ರಿ, ಅದಕ್ಕ ಎಚ್ಚರಾಗಲಿಲ್ಲ."

ಅಂದಿನಿಂದ ಗುಳಿಗೆಯ ಅಳತೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿ ಆ ನಿದ್ರಾದೇವಿಯನ್ನು ಎಬ್ಬಿಸುವ ಸುಪ್ರಭಾತ ನಡೆದಿದೆ. ಸಂಕ್ರಾಂತಿ ಕಳೆದರೂ ಆಕೆ ಕಣ್ಣು ಬಿಟ್ಟಿಲ್ಲ. ಏಳಬಹುದು, ಏಳದೆಯೂ ಇರಬಹುದು. ಅಲ್ಲಿಯವರೆಗೆ ಒಂದು ಹೊತ್ತಿನ ಗುಳಿಗೆಯೂ ತಪ್ಪುವಂತಿಲ್ಲ, ಜ್ವರ ಬಂದರೆ ಹೆಚ್ಚು ಕೊಡಬೇಕು. ಕಾಶವ್ವ ಸೀನಿದರೂ ಓಡಿಹೋಗಿ ಅವಳ ಹಣೆ ಮುಟ್ಟಿ ನೋಡುತ್ತೇನೆ.

ದೇವರ ಉಪಕಾರ ಎಣಿಸುವುದು ನನ್ನ ಹಳೆಯ ರೂಢಿ. ಬಿದ್ದದ್ದು ಬಾವಿಕಟ್ಟೆಯಲ್ಲಲ್ಲ, ದೇವರ ಮುಂದೆ. ಅಂದು ಗಾಡಿ ಸಿಕ್ಕಿತು. ಎಚ್ಚರವಾದಾಗ ನನ್ನ ಗುರುತು ಹಿಡಿದಳು. ಅಷ್ಟಕ್ಕೆ ಎಣಿಕೆ ಮುಗಿಯುತ್ತದೆ. ಬೇರೆಯವರ ಕಷ್ಟಕ್ಕೆ ನಾನು ಹರಕೆ ಹೊರುತ್ತಿದ್ದೆ. ಹರಕೆಯಿಂದಲೇ ಬಿದ್ದವಳಿಗಾಗಿ ಯಾವ ಹರಕೆ ಹೊರಲಿ? ಈಗ ದೇವರ ಜಗಲಿಯ ಮೇಲಿನ ಲಿಂಗಯ್ಯನ ಮುಂದೆ ಸುಮ್ಮನೆ ಕುಳಿತು, ಏನೂ ಕೇಳದೆ ಎದ್ದು ಬರುತ್ತೇನೆ.

ಫೋನು ಬಂದ ಆ ದಿನವೇ ಸಂಜೆ ಕಾಶವ್ವ ಹುಬ್ಬಳ್ಳಿಯಿಂದ ಬಂದು ಒಲೆಯ ಮುಂದೆ ಕುಳಿತಳು. ನಾನು ಹಿಟ್ಟು ನಾದಿಟ್ಟಿದ್ದೆ.

"ಅತ್ತಾಗ ಸರಿಯಕ್ಕಾ, ಎರಡು ರೊಟ್ಟಿ ನಾ ಬಡೀತೇನಿ."

"ಸುಮ್ಮ ಕುಂದರಬೇ, ನಾ ಮಾಡ್ತೇನಿ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನೇ ಹೇಳಿ ಹೇಳಿ ಶ್ರಾವಣದಿಂದ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದವಳು ನಾನು. ಈ ಸಲ ಸರಿದು ಜಾಗ ಬಿಟ್ಟೆ.

ಮೊದಲನೆಯದರ ಅಂಚು ಹರಿಯಿತು. ಎರಡನೆಯದು ಅವಳ ಕೈಯದೇ, ತೆಳ್ಳಗೆ, ಗುಂಡಗೆ. ಹಂಚಿನ ಮೇಲೆ ಉಬ್ಬಿತು. ಮೂರನೆಯದರ ನಡುವೆ ತೋಳು ನಿಂತಿತು. ಅವಳು ತನ್ನ ಅಂಗೈಯನ್ನು ಯಾರದೋ ಎಂಬಂತೆ ನೋಡಿದಳು.

"ಇಷ್ಟ ನೋಡಕ್ಕಾ."

ನಾಳೆ ಇನ್ನೊಂದು ಹೆಚ್ಚಿಗೆ ಬಡಿಯುತ್ತೀ ಅನ್ನಬೇಕಿತ್ತು. ನನಗೇ ನಂಬಿಕೆಯಿರಲಿಲ್ಲ. ಅರೆ ಬಡಿದ ರೊಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡು, ಅವಳು ಬಿಟ್ಟಲ್ಲಿಂದ ಬಡಿಯತೊಡಗಿದೆ.