ಬೇಗ ಇಂಗಿದ ನೀರು

ನನ್ನ ಗಂಡನ ಅಕ್ಕನಿಗೆ ಗಾರೆಕೆಲಸದವರೆಲ್ಲ ಸೇರಿ ಇಟ್ಟ ಹೆಸರು ಗುಂಡಿಯಕ್ಕ. ನಾನು ಅತ್ತಿಗೆ ಎನ್ನುತ್ತೇನೆ. ನಾಲ್ಕು ವರ್ಷದ ನನ್ನ ಮಗಳು ಅತ್ತೆ ಎನ್ನುತ್ತಾಳೆ, ಅದೂ ದಿನಕ್ಕೆ ನೂರು ಸಲ. ಅಮ್ಮ ಎಂದು ಕೂಗುವುದು ಮೂಗು ಸೋರಿದಾಗ, ಚಪ್ಪಲಿ ಸಿಗದಾಗ ಮಾತ್ರ. ಬರೆಯುವಾಗಲೂ ಹೊಟ್ಟೆಯುರಿಯುತ್ತದೆ, ಮುಚ್ಚಿಟ್ಟು ಏನು ಮಾಡಲಿ?

ಅತ್ತಿಗೆಯ ಕೆಲಸ ಕೇಳಿದರೆ ಯಾರಿಗೂ ನಗು ಬರಬೇಕು. ನೀರು ಇಳಿಯುವುದನ್ನು ನೋಡುತ್ತಾ ಕೂರುವುದು. ಯಾರಾದರೂ ಬಚ್ಚಲು, ಪಾಯಿಖಾನೆ ಕಟ್ಟಿಸುವ ಮೊದಲು ಆ ನೀರಿನ ಇಂಗುಗುಂಡಿಯನ್ನು ಎಲ್ಲಿ ತೋಡಬೇಕೆಂದು ಇವರನ್ನು ಕರೆಸುತ್ತಾರೆ. ಇವರು ಮೊಳದಾಳದ ಒಂದು ಕುಳಿ ತೋಡಿ, ತಳಕ್ಕೆ ಹಿಡಿಯಷ್ಟು ಜಲ್ಲಿ ಹಾಕಿ, ನೀರು ತುಂಬಿಸುತ್ತಾರೆ. ಗೀಟು ಕೊರೆದ ಕೋಲನ್ನು ಅದರಲ್ಲಿ ನಿಲ್ಲಿಸಿ, ನೀರು ಒಂದು ಗೀಟಿನಿಂದ ಇನ್ನೊಂದಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡುತ್ತಾರೆ. ಅಷ್ಟೇ.

ಏಳನೇ ತರಗತಿಗೆ ಅವರ ಓದು ನಿಂತಿತು. ನನ್ನ ಮಾವ ಬಾವಿ ತೋಡುವವರು. ಅವರ ಸೊಂಟ ಬಿದ್ದ ಮೇಲೆ ಮಣ್ಣಿನ ಬುಟ್ಟಿ ಎಳೆದದ್ದು ಹಿರಿಮಗಳು. ಮಾವ ತೋಡಿದ ಒಂದು ಬಾವಿಯ ನೀರು ಕೆಟ್ಟು, ಆ ಓಣಿಯ ಮಕ್ಕಳೆಲ್ಲ ವಾಂತಿಭೇದಿಯಿಂದ ಮಲಗಿದಾಗ ಜನ ಮಾವನನ್ನು ಬೈದರಂತೆ. ಹತ್ತೊಂಬತ್ತು ವರ್ಷದ ಹುಡುಗಿ ಗುದ್ದಲಿ ಹಿಡಿದು ಹೋಗಿ, ಬಾವಿಗೂ ಪಕ್ಕದ ಮನೆಯ ಪಾಯಿಖಾನೆ ಗುಂಡಿಗೂ ನಡುವೆ ಅಗೆದು, ಬರೀ ದಪ್ಪ ಮರಳು ತೋರಿಸಿ, ‘ಇದರಲ್ಲಿ ಏನು ತಾನೇ ನಿಲ್ಲುತ್ತೆ?’ ಎಂದಳಂತೆ. ಅಂದಿನಿಂದ ಇದೇ ಕಸುಬು. ಅತ್ತಿಗೆಯ ಗಂಡ ದೂರದ ಗಿರಣಿಯಲ್ಲಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ; ಅತ್ತಿಗೆ ಇರುವುದು ನಮ್ಮ ಜೊತೆಯಲ್ಲೇ. ಮಕ್ಕಳಿಲ್ಲ. ಅದಕ್ಕೇ ನನ್ನದಕ್ಕೆ ಕೈ ಹಾಕಿದ್ದಾರೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಕೆಟ್ಟ ಯೋಚನೆ ಎಂದು ಗೊತ್ತಿದ್ದೂ ಅಂದುಕೊಳ್ಳುತ್ತಿದ್ದೆ.

ಮಗಳಿಗೆ ನಾಲ್ಕು ತುತ್ತು ಉಣಿಸಲು ನಾನು ಮೂರು ಕೋಣೆ ಸುತ್ತಬೇಕು. ಅದೇ ಹುಡುಗಿ ಅತ್ತೆಯ ಕುಳಿಯ ಪಕ್ಕ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು, ನೀರನ್ನೇ ನೋಡುತ್ತಾ, ಅವರು ಕೊಟ್ಟದ್ದನ್ನೆಲ್ಲ ನುಂಗುತ್ತಾಳೆ. ಕೈ ತೊಳೆದಿರುವುದಿಲ್ಲ. ಹೇಳಿದರೆ ನನ್ನ ಗಂಡ, ‘ಮಣ್ಣಲ್ಲಿ ಆಡಿದ್ರೆ ಏನೂ ಆಗಲ್ಲ ಕಣೇ, ನಾನೂ ಅಕ್ಕನ ಕೈಲೇ ಬೆಳೆದಿದ್ದು’ ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ ಬೆಳೆದಿರುವುದು ಅಕ್ಕನ ಕೈಯಲ್ಲೇ. ನನ್ನ ಕೈ ಪಾತ್ರೆ ತೊಳೆಯಲು.

ಈ ವರ್ಷ ಹಿತ್ತಲಲ್ಲಿ ಹೊಸ ಬಚ್ಚಲು, ಪಾಯಿಖಾನೆ ಕಟ್ಟಿಸಲು ಶುರು ಮಾಡಿದೆವು. ಹಳೆಯದರ ಗೋಡೆಯಲ್ಲಿ ಪಾಚಿ, ನೆಲದಲ್ಲಿ ಜಾರಿಕೆ. ಮಗಳು ಬಿದ್ದರೆ ಎಂದು ನನಗೆ ಹಗಲೆಲ್ಲ ಅದೇ ಚಿಂತೆ. ಇಂಗುಗುಂಡಿಯ ಜಾಗ ತೋರಿಸಬೇಕಾದ ಅತ್ತಿಗೆ ಆ ವಾರ ಬೇರೆ ಊರಿನ ಶಾಲೆಯೊಂದರ ಕೆಲಸಕ್ಕೆ ಹೋಗಿದ್ದರು. ಮೇಸ್ತ್ರಿ ಬೀಡಿ ಸೇದುತ್ತಾ, ಗುಂಡಿಯಕ್ಕ ಬರುವ ತನಕ ಗುದ್ದಲಿ ಮುಟ್ಟುವುದಿಲ್ಲ ಎಂದು ಕೂತ. ಅವರಿಲ್ಲದಿದ್ದರೆ ನಮ್ಮ ಹಿತ್ತಲಿನ ಭೂಮಿಯೂ ತಿರುಗುವುದಿಲ್ಲವೇನೋ ಎಂದು ನನಗೆ ರೇಗಿತು.

‘ಅದರಲ್ಲೇನಿದೆ ಮೇಸ್ತ್ರಿ, ನಾನೇ ಅಳೀತೀನಿ’ ಎಂದೆ. ಕಾಲೇಜಿನಲ್ಲಿ ವಿಜ್ಞಾನ ಓದಿದವಳು, ಒಂದು ಕುಳಿಯ ನೀರು ಅಳೆಯಲಾರೆನೇ?

ಬಚ್ಚಲಿಗೆ ಹತ್ತಿರವಾಗಲೆಂದು ಬಾವಿಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಕುಳಿ ತೋಡಿದೆ. ಜಲ್ಲಿ ಹಾಕಿದೆ, ಬಕೆಟ್ ಬಗ್ಗಿಸಿದೆ, ಫೋನಿನಲ್ಲಿ ಸೆಕೆಂಡು ಹಿಡಿದೆ. ನೀರು ನಿಲ್ಲಲೇ ಇಲ್ಲ, ಬಾಯಾರಿದವರು ಲೋಟ ಎತ್ತಿದಂತೆ ಗಟಗಟ ಇಳಿಯಿತು. ಒಂದು ಅಂಗುಲಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಇನ್ನೇನು ಬೇಕು? ಕಟ್ಟಿಕೊಳ್ಳುವುದಿಲ್ಲ, ಉಕ್ಕುವುದಿಲ್ಲ, ಸೊಳ್ಳೆ ಕೂರುವುದಿಲ್ಲ. ಇಲ್ಲೇ ತೋಡಿ ಎಂದು ಪಟ್ಟು ಹಿಡಿದೆ, ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಒಪ್ಪಿದ. ಮಗಳನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, ‘ಅತ್ತೆ ಇನ್ನೂ ತುಂಬಾ ಸಲ ನೀರು ಹಾಕ್ತಾರೆ’ ಎಂದು ಓಡಿಹೋದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ಮೂರನೇ ದಿನ ಬೆಳಿಗ್ಗೆ ಅತ್ತಿಗೆ ಬಂದಾಗ ಗುಂಡಿ ಮೇಸ್ತ್ರಿಯ ಎದೆಮಟ್ಟ ಆಗಿತ್ತು. ಕೈಚೀಲವನ್ನೂ ಇಳಿಸದೆ ಅಂಚಿಗೆ ಹೋಗಿ ನಿಂತರು. ಆಮೇಲೆ ಅದರ ಪಕ್ಕದಲ್ಲೇ ತಮ್ಮದೊಂದು ಕುಳಿ ತೋಡಿ, ನೀರು ತುಂಬಿಸಿದರು, ಇಂಗಿದ ಮೇಲೆ ಮತ್ತೆ ತುಂಬಿಸಿದರು. ಮಧ್ಯಾಹ್ನದ ತನಕ ಅದೇ. ಮಗಳು ಅವರ ತೊಡೆಗೆ ಒರಗಿ ಗೀಟು ಎಣಿಸುತ್ತಿದ್ದಳು. ಒಣಮರಳು ಮೊದಲು ಕುಡಿಯುವುದು ಬರೀ ದಾಹಕ್ಕೆ, ಚೆನ್ನಾಗಿ ನೆಂದ ಮೇಲೆ ಇಳಿಯುವುದೇ ಅದರ ನಿಜವಾದ ಓಟ ಎಂದು ಮಗುವಿಗೆ ಹೇಳುವ ನೆಪದಲ್ಲಿ ನನಗೆ ಕೇಳಿಸಿದರು. ಅಷ್ಟು ನೆಂದ ಮೇಲೂ ಅಂಗುಲಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಬೇಗ ಇಳಿದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ.

ಅತ್ತಿಗೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟರು. ಕಲ್ಲು ನೀರಿಗೆ ತಾಗಿದಾಗ ನೆಲಮಟ್ಟಕ್ಕೆ ಸರಿಯಾಗಿ ಹಗ್ಗಕ್ಕೆ ಗಂಟು ಹಾಕಿ, ಅದೇ ಹಗ್ಗವನ್ನು ಇಂಗುಗುಂಡಿಯೊಳಗೆ ಇಳಿಬಿಟ್ಟರು. ಕಲ್ಲು ತಳ ಮುಟ್ಟಿದಾಗ ಗಂಟು ನೆಲದಿಂದ ಒಂದೇ ಗೇಣು ಮೇಲಿತ್ತು; ಗುಂಡಿಯ ತಳಕ್ಕೂ ಬಾವಿಯ ನೀರಿನ ಮಟ್ಟಕ್ಕೂ ಉಳಿದದ್ದು ಅಷ್ಟೇ. ಮೇಸ್ತ್ರಿಯ ಕಾಲಡಿಯ ಮರಳು ಆಗಲೇ ಕಪ್ಪಗೆ ಒದ್ದೆಯಾಗಿತ್ತು.

‘ನೀರು ನಿಧಾನಕ್ಕೆ ಇಳಿದ್ರೆ ಮಣ್ಣು ಅದನ್ನ ಸೋಸುತ್ತೆ ಕಣೇ. ಇಲ್ಲಿ ಸೋಸೋಕೆ ಪುರಸೊತ್ತೆಲ್ಲಿ? ಹಾಕಿದ್ದು ಹಾಗೇ ಬಾವಿಗೆ.’

ಮಗಳ ಲೋಟವನ್ನು ದಿನಕ್ಕೆ ಆರು ಸಲ ತೊಳೆಯುವವಳು ನಾನು. ಅವಳು ಕುಡಿಯುವ ಬಾವಿಗೆ ಪಾಯಿಖಾನೆಯ ದಾರಿ ತೋರಿಸಿದವಳೂ ನಾನೇ.

ಅಷ್ಟರಲ್ಲಿ ನನ್ನ ಗಂಡ ಕೆಲಸದಿಂದ ಊಟಕ್ಕೆ ಬಂದರು. ಅಕ್ಕನೇ ಜಾಗ ತೋರಿಸಿ ಹೋಗಿದ್ದಾರೆಂದು ಇಷ್ಟು ದಿನ ಅಂದುಕೊಂಡಿದ್ದವರು, ಗುಂಡಿಯ ತಳದ ಒದ್ದೆ ನೋಡಿ, ಇಲ್ಲಿ ತೋಡಲು ಯಾರು ಹೇಳಿದ್ದು ಎಂದು ಮೇಸ್ತ್ರಿಯನ್ನು ಕೇಳಿದರು. ಅವನು ಒಮ್ಮೆ ನನ್ನನ್ನು, ಒಮ್ಮೆ ಅತ್ತಿಗೆಯನ್ನು ನೋಡಿದ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು, ‘ಅದು ನಾನೇ ಕಣೋ, ಹೋಗೋವಾಗ ಆ ಕಡೆ ಅಂತ ಕೈ ತೋರಿಸಿಬಿಟ್ಟಿದ್ದೆ...’ ಎಂದು ಶುರು ಮಾಡಿದರು.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಂಡ ಇವರ ಮಾತು ಕೇಳುತ್ತಾರೆ, ಮಗಳು ಇವರ ಕೈಯಲ್ಲಿ ಉಣ್ಣುತ್ತಾಳೆ, ಮೇಸ್ತ್ರಿ ಇವರಿಲ್ಲದೆ ಗುದ್ದಲಿ ಎತ್ತುವುದಿಲ್ಲ. ಈಗ ನನ್ನ ತಪ್ಪೂ ಇವರಿಗೇ ಬೇಕೇ? ಅದೊಂದಾದರೂ ನನ್ನದಾಗಿ ಉಳಿಯಲಿ.

‘ಅತ್ತಿಗೆ ಏನೂ ಹೇಳಿಲ್ಲ ರೀ. ಅಳೆದವಳು ನಾನು. ಒಂದೇ ಸಲ ನೀರು ಹಾಕಿ, ಬೇಗ ಇಂಗಿತು ಅಂತ ಖುಷಿಪಟ್ಟೆ. ಬಾವಿ ಕಡೆ ನೋಡಲೇ ಇಲ್ಲ. ಮುಚ್ಚಿಸಿ ಅದನ್ನ.’

ಮಗಳು, ಅಮ್ಮ ತಪ್ಪು ಮಾಡಿದಳಾ ಎಂದು ಅತ್ತೆಯನ್ನೇ ಕೇಳಿದಳು. ಅತ್ತಿಗೆ ನನ್ನನ್ನು ನೋಡಿ, ‘ಹೂಂ, ಮಾಡಿದಾಳೆ’ ಎಂದರು. ಸಮಾಧಾನದ ಒಂದು ಮಾತೂ ಸೇರಿಸಲಿಲ್ಲ. ಅದಕ್ಕಾಗಿ ಅವರನ್ನು ಮೊದಲ ಸಲ ಸ್ವಲ್ಪ ಇಷ್ಟಪಟ್ಟೆ.

ಮಾರನೆಯ ದಿನ ಹಿತ್ತಲಿನ ಆ ತುದಿಯಲ್ಲಿ, ಬಾವಿಗಿಂತ ತಗ್ಗಿನಲ್ಲಿ, ಅರವತ್ತು ಹೆಜ್ಜೆ ಆಚೆ ಗುಂಡಿಗೆ ಗುರುತು ಹಾಕಿದರು. ಆಳ ಕಡಿಮೆ, ಅಗಲ ಹೆಚ್ಚು, ಸುತ್ತಲೂ ತಳಕ್ಕೂ ನಯವಾದ ಮಣ್ಣಿನ ದಪ್ಪ ಹೊದಿಕೆ, ನೀರು ತಡವರಿಸಿಕೊಂಡು ಹೋಗಲೆಂದು. ಕೊಳವೆ ಉದ್ದವಾಯಿತೆಂದು ಮೇಸ್ತ್ರಿ ಗೊಣಗಿದ. ನಾನು ತೋಡಿಸಿದ ಗುಂಡಿ ಮುಚ್ಚಲು ನಾನೇ ಬುಟ್ಟಿ ಎತ್ತಿಕೊಂಡೆ. ಮಗಳೂ ಬಂದು ಪುಟ್ಟ ಕೈಗಳಲ್ಲಿ ಮರಳು ತೂರಿದಳು. ಹತ್ತು ಹಿಡಿ ಹಾಕಿರಬಹುದು. ಆಮೇಲೆ ಆಚೆ ತುದಿಯಿಂದ ಅತ್ತಿಗೆ ಕೆಮ್ಮಿದ್ದು ಕೇಳಿಸಿತು, ಹಿಂದೆ ತಿರುಗಿಯೂ ನೋಡದೆ ಅತ್ತ ಓಡಿದಳು. ನಾನು ಮುಂದಿನ ಬುಟ್ಟಿ ಸುರಿದೆ.