ಕೊನೆಯ ಐಟಂ ಯಾರದು?

ಇವತ್ತು ಬೆಳಿಗ್ಗೆ ಮೆಟುಚೆನ್ ಸ್ಟೇಷನ್ನಿನಲ್ಲಿ ಮ್ಯಾನ್‌ಹಟನ್ ಟ್ರೈನಿಗೆ ಕಾಯುತ್ತ ಕೋಟಿನ ಜೇಬಿಗೆ ಕೈ ಹಾಕಿದೆ. ನಾಲ್ಕು ಮಡಿಕೆಯ ಹಾಳೆಯೊಂದು ಸಿಕ್ಕಿತು. ಹೋದ ವರ್ಷದ ನಮ್ಮ ಸಹಾಯಾರ್ಥ ಕಾರ್ಯಕ್ರಮದ ಪಟ್ಟಿ. ಮೂಲೆಯಲ್ಲಿ ಬಿಸಿಬೇಳೆ ಬಾತಿನ ಹಳದಿ ಕಲೆ, ಒಳಗೆ ನಲವತ್ತೆರಡು ಐಟಂ. ನೋಡಿದ ಕೂಡಲೇ ತಲೆನೋವು ಶುರುವಾಯಿತು. ಈ ವರ್ಷದ ಪಟ್ಟಿಯನ್ನೂ ನಾನೇ ಮಾಡಬೇಕು.

ನೀವು ಯಾವತ್ತಾದರೂ ಇಂಥ ಪಟ್ಟಿ ಮಾಡಿದ್ದೀರಾ? ಇಲ್ಲವಾದರೆ ಪುಣ್ಯವಂತರು, ಹಾಗೇ ಇರಿ.

ಈ ಕಾರ್ಯಕ್ರಮ ಶುರು ಮಾಡಿದವರು ಕಮಲಾ ಆಂಟಿ. ಧಾರವಾಡದವರು, ಇಲ್ಲಿ ಮಕ್ಕಳ ಡಾಕ್ಟರಾಗಿದ್ದವರು. ತಮ್ಮೂರ ಕಡೆಯ ಅಂಧಮಕ್ಕಳ ಶಾಲೆಗೆ ನೆರವಾಗಲೆಂದು ಮನೆಯ ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ ಹನ್ನೊಂದು ಐಟಂ ಮಾಡಿಸಿದರು. ಒಂದೇ ಷರತ್ತು: ತನ್ನದು ಮುಗಿಯಿತೆಂದು ಯಾರೂ ಏಳಕೂಡದು. ಎಲ್ಲರದನ್ನೂ ಎಲ್ಲರೂ ನೋಡಬೇಕು, ಊಟ ಆಮೇಲೆ. ಆಂಟಿ ಹಾಡಲಿಲ್ಲ, ಕುಣಿಯಲಿಲ್ಲ. ಎಲ್ಲರಿಗಿಂತ ಮುಂದೆ ಕೂತು ಕೊನೆಯವರೆಗೂ ನೋಡಿದರು. ಅವರ ಐಟಂ ಅದೇ.

ಆಮೇಲೆ ಬೆಳೆಯಿತು ನೋಡಿ, ಬೇಡವೆಂದರೂ ಬೆಳೆಯಿತು. ಬೇಸ್‌ಮೆಂಟ್ ಸಾಲದೆ ಚರ್ಚಿನ ಹಾಲ್, ಅದೂ ಸಾಲದೆ ಹೈಸ್ಕೂಲಿನ ಆಡಿಟೋರಿಯಂ. ಜೊತೆಗೆ ಜನರ ಅವಸರವೂ ಬೆಳೆಯಿತು. ತಮ್ಮ ಮಗುವಿನ ಡಾನ್ಸ್ ಮುಗಿಯುವವರೆಗೆ ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ಹಿಂದಿನವರಿಗೆ ಕಾಣದಂತೆ ಮಾಡುವುದು, ಮುಗಿದ ಮೇಲೆ ಊಟದ ಡಬ್ಬಿ ತುಂಬಿಸಿಕೊಂಡು ಪಾರ್ಕಿಂಗ್ ಲಾಟಿಗೆ ಓಡುವುದು. ಆ ಅಂಧಮಕ್ಕಳ ಶಾಲೆಯ ವಿಡಿಯೊ ಹಾಕಿದರೆ ಅದು ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ಹೊತ್ತು. ಹೀಗಾಗಿ ಯಾರಿಗೂ ಮೊದಲನೆಯದು ಬೇಡ, ಕೊನೆಯದಂತೂ ಬೇಡವೇ ಬೇಡ. ಒಬ್ಬರ ಮಗನಿಗೆ ಮ್ಯಾಥ್ ಕ್ಲಾಸ್, ಇನ್ನೊಬ್ಬರ ಅತ್ತೆಯನ್ನು ಏರ್‌ಪೋರ್ಟಿಗೆ ಬಿಡಬೇಕು. ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದಾಗಲೂ ಒಬ್ಬ ಮಹಾನುಭಾವರು ಮೂರು ಸಲ ಫೋನ್ ಮಾಡಿದ್ದರು. ಅವರಿಗೆ ಮಧ್ಯದಲ್ಲಿ ಎಲ್ಲಾದರೂ ಒಂದು ಜಾಗ ಬೇಕಿತ್ತು.

ನನಗೂ ಒಂದು ಉಪಾಯ ಹೊಳೆದಿತ್ತು. ಜಗಳವಾಡದವರನ್ನು ಕೊನೆಗೆ ಹಾಕುವುದು. ಅಂಥವರು ನಮ್ಮಲ್ಲಿ ಒಬ್ಬರೇ, ಮೂರ್ತಿ ಅಂಕಲ್. ಮೈಸೂರಿನವರು, ರಿಟೈರಾದ ಎಂಜಿನಿಯರ್. ಹಕ್ಕಿಗಳ ಕೂಗನ್ನು ಅನುಕರಿಸುತ್ತಾರೆ. ಗೊರವಂಕ, ಕೋಗಿಲೆ, ಗೂಬೆ, ಎಲ್ಲ ಅವರ ಗಂಟಲಲ್ಲಿವೆ. ಒಂಬತ್ತು ವರ್ಷ ಅವರಿಗೆ "ಗ್ರ್ಯಾಂಡ್ ಫಿನಾಲೆ ನಿಮ್ಮದೇ ಅಂಕಲ್" ಎಂದು ನಾಚಿಕೆಯಿಲ್ಲದೆ ಹೇಳಿದೆ. ನನ್ನ ಮಗಳ ಡಾನ್ಸ್ ಮಾತ್ರ ಪ್ರತಿ ವರ್ಷ ನಾಲ್ಕನೆಯದು. ಆ ಹೊತ್ತಿಗೆ ತಡವಾಗಿ ಬರುವವರು ಬಂದಿರುತ್ತಾರೆ, ಬೇಗ ಹೋಗುವವರು ಹೋಗಿರುವುದಿಲ್ಲ. ಪಟ್ಟಿ ಮಾಡುವವನಿಗೆ ಅಷ್ಟೂ ಬೇಡವೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಂಕಲ್ ಕೂಗುವಾಗ ನಾನು ಊಟದ ಕೌಂಟರಿನಲ್ಲಿ ಇರುತ್ತಿದ್ದೆ. ಹಾಲಿನಲ್ಲಿ ಉಳಿದಿರುತ್ತಿದ್ದವರು ಕಮಲಾ ಆಂಟಿ ಒಬ್ಬರೇ.

ಹೋದ ವರ್ಷ ಅವರೂ ಇರಲಿಲ್ಲ. ಬಿದ್ದು ಸೊಂಟದ ಆಪರೇಷನ್ ಆಗಿ, ಹತ್ತಿರದ ಮನ್ರೋ ಊರಿನಲ್ಲಿ ತಮ್ಮ ಮನೆಯಲ್ಲೇ ಇದ್ದರು. ಪರದೆ ಎಳೆದು ಒಂದು ಗಂಟೆಯಾಗಿತ್ತು, ನಾನು ಬಾತಿನ ಟ್ರೇಗಳನ್ನು ಮುಚ್ಚುತ್ತಿದ್ದೆ. ಆಗ ಅವರ ಫೋನ್ ಬಂತು.

"ಕೊನೀತನಕ ಯಾರರ ಕೂತಿದ್ರೇನಪಾ?"

ಕಾಯಿಲೆಯವರಿಗೆ ಯಾಕೆ ಬೇಜಾರು ಮಾಡುವುದೆಂದು ಧಾರಾಳವಾಗಿ ಸುಳ್ಳು ಹೇಳಿದೆ. ಹಾಲ್ ತುಂಬಿತ್ತು, ಮೂರ್ತಿ ಅಂಕಲ್‌ಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು ಎಂದೆ.

"ಮೂರ್ತಿಯವ್ರು ಇಲ್ಲೇ ನಮ್ಮನ್ಯಾಗ ಕೂತಾರ. ಅಲ್ಲೆ ನೋಡೋರು ಯಾರೂ ಇಲ್ಲಂತ ಎದ್ದು ಬಂದ್ರಂತ. ಈಗಷ್ಟ ನನ್ನ ಮುಂದ ಮಾಡಿ ತೋರಿಸಿದ್ರು." ಆಂಟಿ ಬೈಯಲಿಲ್ಲ. "ಚಾ ಆರ್ಲಿಕ್ಕತ್ತದ, ಫೋನ್ ಇಡ್ತೀನಿ" ಎಂದರು.

ಕೊನೆಯ ಐಟಂ ನಡೆಯಲೇ ಇಲ್ಲವೆಂಬುದು ಪಟ್ಟಿ ಮಾಡಿದ ನನಗೇ ಗೊತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

ಇವತ್ತು ಟ್ರೈನಿನಲ್ಲಿ ಕೂತು ಹೊಸ ಪಟ್ಟಿ ಬರೆದೆ. ನಾಲ್ಕನೆಯದು ಮೂರ್ತಿ ಅಂಕಲ್. ಕೊನೆಯದು ನನ್ನ ಮಗಳು. ದೊಡ್ಡ ತ್ಯಾಗ ಮಾಡಿದವನ ಗತ್ತಿನಲ್ಲಿ ಸಂಜೆ ಮನೆಗೆ ಬಂದು ಅವಳಿಗೆ ತೋರಿಸಿದೆ. ಹದಿಮೂರು ವರ್ಷದವಳು, ಹೋಮ್‌ವರ್ಕಿನಿಂದ ತಲೆ ಎತ್ತಲಿಲ್ಲ.

"ನೋಬಡಿ ಸ್ಟೇಸ್ ಫಾರ್ ದ ಲಾಸ್ಟ್ ಒನ್, ಅಪ್ಪ."

"ನಾನಿರ್ತೀನಲ್ಲ."

"ಯು ನೆವರ್ ಡಿಡ್ ಫಾರ್ ಮೂರ್ತಿ ಅಂಕಲ್."

ಪಟ್ಟಿಯನ್ನು ಹಾಗೆಯೇ ಸಮಿತಿಗೆ ಕಳಿಸಿದೆ. ಊಟದ ಕೌಂಟರಿಗೆ ಈ ಸಲ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಕೆಳಗೆ ಬರೆದೆ.