ಒಂದು ಒಲೆಗೆ ಒಂದು ಎಮ್ಮೆ

ಕೆಂಡವನ್ನು ಅವರು ಬೆರಳಿನಿಂದಲೇ ಎತ್ತುತ್ತಿದ್ದರು. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು, ಬೂದಿ ಉದುರುವಂತೆ ಒಮ್ಮೆ ಕೊಡವಿ, ನೆರೆಮನೆಯವರು ಒಡ್ಡಿದ ಕರಟಕ್ಕೆ ಹಾಕುವಷ್ಟು ಹೊತ್ತೂ ನಾನು ಉಸಿರು ಹಿಡಿದಿರುತ್ತಿದ್ದೆ. ಅವರ ಮುಖದಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಆ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಸರ್ಕಾರಿ ಕಾಗದಗಳ ಮೇಲೆ ಅವರ ಹೆಬ್ಬೆಟ್ಟು ಬರೀ ಒಂದು ನೀಲಿ ಮಚ್ಚೆಯಾಗಿ ಬೀಳುತ್ತದೆ ಎಂದು ನಮ್ಮ ಆಫೀಸಿನ ಗುಮಾಸ್ತರು ಗೊಣಗುತ್ತಿದ್ದರು.

ನಾನು ಅವರನ್ನು ಮೊದಲನೇ ಮನೆಯ ಅಮ್ಮ ಎನ್ನುತ್ತಿದ್ದೆ. ಅಣೆಕಟ್ಟಿನ ನೀರಿಗೆ ಊರು ಬಿಟ್ಟವರಿಗಾಗಿ ಹೊಸನಗರದ ಹತ್ತಿರ ಸರ್ಕಾರ ಕಟ್ಟಿಸಿದ ಕಾಲೋನಿಯಲ್ಲಿ, ಕೊನೆಯ ಸಾಲಿನ ನಾಲ್ಕು ಮನೆಗಳಲ್ಲಿ ಮೊದಲನೆಯದು ಅವರದು. ಆ ಸಾಲಿನವರೆಲ್ಲ ಒಂದೇ ಊರಿನವರು, ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು. ಗದ್ದೆ ಒಡೆಯರದಾಗಿದ್ದರಿಂದ ಪರಿಹಾರವೂ ಬಹುಪಾಲು ಒಡೆಯರಿಗೇ ಹೋಗಿತ್ತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಆಗಷ್ಟೇ ಬ್ಲಾಕ್ ಆಫೀಸಿಗೆ ಗ್ರಾಮಸೇವಕಿಯಾಗಿ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಕಾಲೋನಿಯವರು ಸರ್ಕಾರದ ಅಕ್ಕಿಯನ್ನೇ ನೆಚ್ಚಿಕೊಳ್ಳದೆ ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ಆ ಮಳೆಗಾಲ ಒಂದು ಸಹಾಯಧನದ ಯೋಜನೆ ಬಂತು. ಕುಟುಂಬಕ್ಕೊಂದು ಕರೆಯುವ ಎಮ್ಮೆ. ಹಾಲನ್ನು ಪೇಟೆಯ ಹೋಟೆಲುಗಳಿಗೆ ಹಾಕಿ ಬದುಕಬೇಕು. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಕುಟುಂಬ ಎಂಬುದು ನಿಯಮ. ಪಟ್ಟಿ ಮಾಡುವ ಕೆಲಸ ನನ್ನದು.

ನಾನು ಹೋದ ದಿನ ಕೊನೆಯ ಸಾಲಿನಲ್ಲಿ ಒಂದೇ ಮನೆಯ ಹೆಂಚಿನಿಂದ ಹೊಗೆ ಏಳುತ್ತಿತ್ತು. ಬಾಗಿಲಲ್ಲಿ ಕೊಡೆ ಹಿಡಿದು ನಿಂತೇ ಕೇಳಿದೆ, ಉಳಿದ ಮೂರು ಮನೆಯವರ ಅಡುಗೆ ಎಲ್ಲಿ ಎಂದು.

"ಇಲ್ಲೇ. ಎಲ್ಲಾರೂ ನನ್ನ ಒಲೇಲೇ ಉಣ್ಣೂದು" ಎಂದರು ಅಮ್ಮ. ದನಿಯಲ್ಲಿ ಹೆಮ್ಮೆಯಿತ್ತು. "ಬನ್ನಿ ಸೇವಕಮ್ಮ, ಕೂತ್ಕಣಿ. ನಿಂತವರ ಹತ್ರ ನಾನು ಪೂರಾ ಮಾತಾಡೂದಿಲ್ಲ."

ಇನ್ನೂ ಹತ್ತು ಮನೆಗಳಿವೆ ಎಂದು ಹೇಳಿ ಹೊರಟೆ. ಪಟ್ಟಿಯಲ್ಲಿ ಆ ಸಾಲಿನ ಎದುರಿಗೆ 'ಒಂದು ಕುಟುಂಬ, ಮೊದಲನೇ ಮನೆಯವರ ಹೇಳಿಕೆಯಂತೆ' ಎಂದು ಬರೆದೆ. ಕಂಡದ್ದನ್ನೇ ಬರೆದಿದ್ದೆ.

ಪಟ್ಟಿಯನ್ನು ಕಾಲೋನಿಯಲ್ಲಿ ಓದಿದ ದಿನ ಎರಡನೇ ಮನೆಯವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ, ಒಂದು ಹೆಣ್ಣುಮಗು. ಎಮ್ಮೆ ಸಿಕ್ಕಿದರೆ ಇಲ್ಲಿ ಬದುಕು, ಇಲ್ಲವಾದರೆ ಬ್ಯಾಕೋಡಿನಲ್ಲಿ ಅಣ್ಣನ ಮನೆ.

ಅಮ್ಮ ಮಾತ್ರ ನಕ್ಕರು. "ನಾಲ್ಕು ಮನೇಗೆ ಒಂದೆಮ್ಮೆಯಾ? ಎಮ್ಮೆಗೆ ಮೊಲೆ ನಾಲ್ಕು, ಮನೇಗೊಂದು ಅಂತ ಹಂಚಿದ್ರಾ ಸೇವಕಮ್ಮ?"

ಆ ದಿನ ಅವರ ಒಲೆಯ ಮುಂದೆ ಕೂತೆ. ಆಗ ಪೂರಾ ಮಾತು ಕೇಳಿತು. ಅಮ್ಮ ಜ್ಯೇಷ್ಠದಲ್ಲೇ ಬಂದು ಮನೆ ಒಕ್ಕಲಾಗಿದ್ದರು. ಉಳಿದ ಮೂವರ ಸಾಮಾನು ಹೊತ್ತ ಲಾರಿ ಕೆಸರಿನಲ್ಲಿ ಹೂತು, ಬಂದು ಸೇರುವ ಹೊತ್ತಿಗೆ ಆಷಾಢ ಹುಟ್ಟಿತ್ತು. ಒಕ್ಕಲಾಗದ ಮನೆಯಲ್ಲಿ ಹೊಸ ಒಲೆ ಹೊತ್ತಿಸುವಂತಿಲ್ಲ. ಆ ಮೂರು ಮನೆಯವರು ಶ್ರಾವಣಕ್ಕೆ ಕಾಯುತ್ತಿದ್ದರು.

"ನಿಮ್ಮ ಕಡೆ ಆಷಾಢ ಬರೂದಿಲ್ವಾ?" ಎಂದು ಕೇಳಿದರು.

ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕೆಂದು ಬ್ಲಾಕ್ ಆಫೀಸಿನ ಸಾಹೇಬರಿಗೆ ಹೇಳಿದೆ. ಯಾಕೆಂದು ಹೇಳಲಿಲ್ಲ. "ನಾಡಿದ್ದು ನಾನೇ ಬರ್ತೇನೆ. ನಾಲ್ಕು ಒಲೆ ಕಂಡರೆ ನಾಲ್ಕು ಎಮ್ಮೆ" ಎಂದರು ಅವರು. ಶ್ರಾವಣಕ್ಕೆ ಇನ್ನೂ ಹದಿನೈದು ದಿನಗಳಿದ್ದವು. ಅಷ್ಟರೊಳಗೆ ಎಮ್ಮೆಗಳು ಬೇರೆ ಕಾಲೋನಿಗೆ ಹೋಗುತ್ತಿದ್ದವು.

ಸುದ್ದಿ ಕೇಳಿ ಎರಡನೇ ಮನೆಯವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ಬ್ಯಾಡ ದೊಡ್ಡವ್ವ. ಆಷಾಢದಾಗೆ ಬೆಂಕಿ ಹಚ್ಚಿ, ಇದೊಂದು ಉಳದದ್ದಕ್ಕೆ ಎಂತಾದ್ರೂ ಆದ್ರೆ? ನಾನು ಅಣ್ಣನ ಮನೆಗೆ ಹೋಗ್ತೀನಿ."

"ಅತ್ತಿಗೆ ಬಡಿಸಿದ್ದು ಎಷ್ಟು ದಿನ ಗಂಟಲಾಗೆ ಇಳೀತದೆ? ಸುಮ್ನೆ ಕೂರು ಮಾರಾಯ್ತಿ" ಎಂದರು ಅಮ್ಮ.

ಸಾಹೇಬರು ಬರುವ ದಿನ ನಾನು ಬೇಗನೆ ಹೋದೆ. ಅಮ್ಮ ತಮ್ಮ ಒಲೆಯನ್ನು ಕಿತ್ತಿದ್ದರು. ಅದರ ಮೂರು ಗುಂಡುಕಲ್ಲುಗಳು ಮುಳುಗಿದ ಮನೆಯಿಂದ ಗೋಣಿಯಲ್ಲಿ ಸುತ್ತಿ ತಂದವು. ಮಸಿ ಕುಡಿದು ಕಬ್ಬಿಣದ ಹಾಗಾಗಿದ್ದವು. ಒಂದೊಂದನ್ನೇ ಸೊಂಟದ ಮೇಲಿಟ್ಟುಕೊಂಡು ಮೂರು ಮನೆಗಳಿಗೂ ಹೊತ್ತೊಯ್ದು, ಒಲೆಯ ಬಲಗಡೆಗೆ ತಾವೇ ಕೂರಿಸಿದರು. ಉಳಿದೆರಡು ಕಲ್ಲನ್ನು ಆಯಾ ಮನೆಯವರು ಹಿತ್ತಲಿಂದ ತಂದುಕೊಂಡರು.

"ಇದು ಹೊಸ ಒಲೆ ಅಲ್ಲ, ನನ್ನ ಅತ್ತೆ ಉರಿಸಿದ ಒಲೆ" ಎಂದು ಎರಡನೇ ಮನೆಯವಳ ಕೈಗೆ ಊದುಗೊಳವೆ ಕೊಟ್ಟರು. "ಇದಕ್ಕೆ ಆಷಾಢ ಎಂತಕೆ? ಊದು."

ಆಮೇಲೆ ಸರ್ಕಾರದವರು ಮನೆ ಕಟ್ಟಿ ಉಳಿಸಿದ್ದ ರಾಶಿಯಿಂದ ಮೂರು ಜಂಬಿಟ್ಟಿಗೆ ಕಲ್ಲಿನ ಚೂರು ಆರಿಸಿ ತಂದು ತಮ್ಮ ಅಡುಗೆಮನೆಯಲ್ಲಿ ಹೂಡತೊಡಗಿದರು.

"ದೊಡ್ಡವ್ವ, ನಿಮ್ದೇ ಹೊಸ್ತಾಯ್ತಲ್ಲ!" ಎಂದು ಅವಳು ಬಾಗಿಲಿಗೇ ಓಡಿಬಂದಳು.

"ಆಗ್ಲಿ. ಬರೂದು ಎಂತಾದ್ರೂ ಇದ್ರೆ ಈ ಮನೆಗೇ ಬರ್ಲಿ. ಮಾತಾಡ್ಸಕೆ ನಾನಿದೀನಿ."

ಸಾಹೇಬರು ಬಂದು ನಾಲ್ಕೂ ಮನೆ ಬಗ್ಗಿ ನೋಡಿದರು. ಒಲೆಗಳ ಮಣ್ಣು ಇನ್ನೂ ಹಸಿಯಾಗಿತ್ತು.

"ಇದೆಲ್ಲ ಇವತ್ತು ಹೂಡಿದ್ದು. ಹೋದ ವಾರ ಒಂದೇ ಒಲೆ ಅಂತ ಹೇಳಿದವಳು ನೀನೇ ಅಲ್ವಾ? ಎಮ್ಮೆ ಆಸೆಗೆ ಸುಳ್ಳು ಹೇಳ್ತೀಯಾ ಮುದುಕಿ?"

"ಹೌದು ಸ್ವಾಮಿ. ನಾನೇ ಹೇಳಿದ್ದು" ಎಂದರು ಅಮ್ಮ. ಅವತ್ತು ನಾನು ಕೂತು ವಿಚಾರಿಸಲಿಲ್ಲ ಎಂದು ದೂರಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಫೈಲನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ.

"ಪಟ್ಟಿ ಹಾಗೇ ಇರಲಿ" ಎಂದು ಸಾಹೇಬರು ಜೀಪು ಹತ್ತಿದರು.

ಅವರು ಹೋದ ಮೇಲೆ ಅಮ್ಮ ನನಗೆ ಗಂಜಿ ಬಡಿಸಿ, ಮಿಡಿ ಉಪ್ಪಿನಕಾಯಿ ಹಾಕಿದರು. "ಉಣ್ಣಿ. ನಿಮ್ಮ ಕೆಲ್ಸ ಇನ್ನೂ ಗಟ್ಟಿ ಆಗ್ಬೇಕಲ್ಲ, ನೀವು ಬಾಯಿ ಹಾಕಬಾರ್ದು" ಎಂದರು. ಅದು ಅವರಿಗೆ ಯಾರಿಂದ ತಿಳಿಯಿತೋ ಗೊತ್ತಿಲ್ಲ. ಅಂಥ ಕ್ಷಮೆಯನ್ನು ನಾನು ಕೇಳಿರಲಿಲ್ಲ, ಅದಕ್ಕೆ ತಕ್ಕವಳೂ ಆಗಿರಲಿಲ್ಲ.

ಕೊನೆಗೆ ಪಟ್ಟಿ ಬದಲಾಗಿ ನಾಲ್ಕು ಮನೆಗೂ ಎಮ್ಮೆ ಬಂದವು. ಎರಡನೇ ಮನೆಯವಳು ಬ್ಯಾಕೋಡಿಗೆ ಹೋಗಲಿಲ್ಲ. ಈಗ ಅವಳ ಕೊಟ್ಟಿಗೆಯಲ್ಲಿ ಮೂರು ಎಮ್ಮೆಗಳಿವೆ, ಮಗಳು ಶಾಲೆಗೆ ಹೋಗುತ್ತಾಳೆ. ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಪ್ರತಿ ವರ್ಷ ಆಷಾಢ ಮುಗಿದ ದಿನ ಅಮ್ಮ ಬಾಗಿಲಲ್ಲಿ ನಿಂತು, "ಈ ವರ್ಷನೂ ಯಾರೂ ಬರ್ಲಿಲ್ಲ ನೋಡು" ಎಂದು ಸಾಲಿಗೆಲ್ಲ ಕೇಳುವಂತೆ ನಗುತ್ತಿದ್ದರಂತೆ. ಕಳೆದ ಮಾಘದಲ್ಲಿ ತೀರಿಕೊಂಡರು. ನಾಲ್ಕು ದಿನದ ಜ್ವರ. ನನಗೆ ತಿಳಿದದ್ದು ತಿಂಗಳಾದ ಮೇಲೆ.

ಪಟ್ಟಿ ಹೇಗೆ ಬದಲಾಯಿತೆಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಸಾಹೇಬರು ಬಂದುಹೋದ ಮರುದಿನ ಬೆಳಿಗ್ಗೆ, ಆಫೀಸಿನ ಬಾಗಿಲು ತೆರೆಯುವ ಮೊದಲೇ ಹೋಗಿ ಜಗಲಿಯ ಮೇಲೆ ಕೂತು ಒಂದು ಕಾಗದ ಬರೆದೆ. ಕೊನೆಯ ಸಾಲಿನಲ್ಲಿರುವುದು ನಾಲ್ಕು ಕುಟುಂಬಗಳು. ನಾನು ಸರಿಯಾಗಿ ವಿಚಾರಿಸದೆ ಒಂದೆಂದು ಬರೆದಿದ್ದೇನೆ. ಆ ಮುದುಕಿ ಸುಳ್ಳು ಹೇಳಿಲ್ಲ, ತಪ್ಪು ನನ್ನದು. ಇದನ್ನು ನನ್ನ ಸೇವಾ ದಾಖಲೆಯಲ್ಲಿ ಸೇರಿಸಬಹುದು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಸಾಹೇಬರು ಬಂದಾಗ ಅದನ್ನು ಗುಮಾಸ್ತರ ಮೇಜಿನ ಮೇಲಿಡದೆ ಅವರ ಕೈಗೇ ಕೊಟ್ಟು, ಕೊನೆಯ ಸಾಲಿನವರೆಗೂ ಓದುವ ತನಕ ಅಲ್ಲಿಂದ ಕದಲಲಿಲ್ಲ.